ಮೇಸ್ತ್ರಿಯ ಹೆಬ್ಬೆಟ್ಟು

ಮೇಸ್ತ್ರಿ ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ಮುಳಬಾಗಿಲು ಬಸ್ಸಿನ ಕಂಡಕ್ಟರು. ಬಸ್ಸು ಕೋಲಾರದ ನಮ್ಮ ಷೆಡ್ಡಿನ ಮುಂದೆ ನಿಂತಿತ್ತು. ಬಾಗಿಲಿನಿಂದಲೇ ತಲೆ ಹಾಕಿ, "ನಿಮ್ಮ ಮೇಸ್ತ್ರಿ ಹೋಗ್ಬಿಟ್ರು ಸಾರ್, ಮೊನ್ನೆ ಮಣ್ಣು ಮಾಡಿದ್ರು" ಅಂದ. ಅಂದವನೇ ತೋಳಿನಿಂದ ಕಣ್ಣೊರೆಸಿಕೊಂಡ. ನನಗೆ ಮೊದಲು ದುಃಖವಾಗಲಿಲ್ಲ, ಸಿಟ್ಟು ಬಂತು. ಈ ಕಂಡಕ್ಟರು ಮೇಸ್ತ್ರಿಯ ಜೊತೆ ಕೆಲಸ ಮಾಡಿದ್ದು ಒಂದೂವರೆ ವರ್ಷ. ಅಷ್ಟಕ್ಕೇ ಕಣ್ಣಲ್ಲಿ ನೀರು! ನಾಳೆ ನಾನು ಸತ್ತರೆ ಇವನು ಹೊತ್ತಾಯಿತೆಂದು ಸೀಟಿ ಊದಿಕೊಂಡು ಹೊರಟುಬಿಡುತ್ತಾನೆ. ಆತ ಇನ್ನೊಂದು ಮಾತನ್ನೂ ಹೇಳಿದ. ಅದನ್ನು ಕೊನೆಗೆ ಬರೆಯುತ್ತೇನೆ.

ಮೇಸ್ತ್ರಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದೇನೂ ಇಲ್ಲ. ಕೋಲಾರದಿಂದ ಶ್ರೀನಿವಾಸಪುರದವರೆಗೆ, ಈ ಕಡೆ ಮಾಲೂರಿನವರೆಗೆ, ಮೋಟಾರು ಮುಟ್ಟಿದ ಯಾರನ್ನು ಕೇಳಿದರೂ ಆ ಹೆಸರು ಹೇಳುತ್ತಾರೆ. ಸಾಕಷ್ಟು ಹೇಳಿಯಾಗಿದೆ. ನನ್ನ ಕೈಯಿಂದ ಇನ್ನೊಂದು ಸಲ ಬೇಡ.

ಆತ ಆವನಿಯ ಹತ್ತಿರದ ಒಂದು ಹಳ್ಳಿಯವನು. ಮನೆತನದ ಕೆಲಸ ತಾಮ್ರದ ಪಾತ್ರೆ ಬಡಿಯುವುದು. ಓದು ಬರಹ ಇಲ್ಲ. ನಾನು ಮಾಲೂರಿನವನು, ಬೆಂಗಳೂರಿನಲ್ಲಿ ಎರಡು ವರ್ಷ ಮೋಟಾರು ಕೆಲಸ ಕಲಿತು ಸರ್ಟಿಫಿಕೇಟಿಗೆ ಗಾಜು ಹಾಕಿಸಿ ತಂದವನು. ಎರಡನೆಯ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮೊದಲು ನಮ್ಮಿಬ್ಬರನ್ನೂ ಸಾಹುಕಾರರು ಒಂದೇ ವಾರದಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಸಾಹುಕಾರರೆಂದರೆ ಬಸ್ಸಿನ ಮಾಲೀಕರು. ಅವರಿಗೆ ನಾಲ್ಕು ಬಸ್ಸುಗಳಿದ್ದವು. ನನ್ನ ಸರ್ಟಿಫಿಕೇಟನ್ನು ನೋಡಿ ಅವರು ತಲೆದೂಗಿದರು. ಆತನನ್ನು ನೋಡಿ, "ನಿನಗೇನು ಗೊತ್ತಪ್ಪಾ?" ಅಂದರು. ಆತ ನಿಂತಿದ್ದ ಬಸ್ಸಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಇಂಜಿನ್ ಓಡುತ್ತಿದ್ದಂತೆಯೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ.

"ಮೂರನೇದು ಅಳ್ತಾ ಐತೆ ಸಾಮಿ" ಅಂದ.

ಪ್ಲಗ್ ಬಿಚ್ಚಿ ನೋಡಿದರೆ ಮೂರನೆಯ ಸಿಲಿಂಡರಿನ ಪ್ಲಗ್ ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು. ಸಾಹುಕಾರರು ನನ್ನ ಸರ್ಟಿಫಿಕೇಟನ್ನು ನನ್ನ ಕೈಗೇ ವಾಪಸು ಕೊಟ್ಟರು. ಹೊಟ್ಟೆಕಿಚ್ಚು ಶುರುವಾದದ್ದು ಯಾವತ್ತು ಅಂತ ಯಾರಾದರೂ ಕೇಳಿದರೆ ಆ ದಿನವನ್ನೇ ಹೇಳುತ್ತೇನೆ.

ಮನುಷ್ಯರ ಜೊತೆ ಆತ ಕನ್ನಡದಲ್ಲಿ ಮಾತಾಡುತ್ತಿದ್ದ, ಇಂಜಿನ್ನಿನ ಜೊತೆ ತೆಲುಗಿನಲ್ಲಿ. ಸ್ಟಾರ್ಟ್ ಆಗದ ಬಸ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಏಮಮ್ಮಾ, ಏಮಯಿಂದಿ? ಚೆಪ್ಪು ತಲ್ಲೀ" ಎಂದು ಹೆಣ್ಣುಮಗಳನ್ನು ರಮಿಸುವಂತೆ ಕೇಳುತ್ತಿದ್ದ. ಏನಾಯಿತು, ಹೇಳು ತಾಯಿ ಅಂತ. ಡ್ರೈವರುಗಳು ನಗುತ್ತಿದ್ದರು, ಆದರೆ ಆ ನಗುವಿನಲ್ಲಿ ಗೌರವವಿತ್ತು. ನನ್ನ ಮನೆಯಲ್ಲೂ ಅಜ್ಜಿಯ ಮಾತು ತೆಲುಗೇ. ಒಂದು ದಿನ ಷೆಡ್ಡಿನಲ್ಲಿ ಯಾರೂ ಇಲ್ಲದಾಗ ನಾನೂ ಹಾಗೆಯೇ ಕೂತು, ಹಾಗೆಯೇ ಕೇಳಿದೆ. ಇಂಜಿನ್ ನನಗೇನೂ ಹೇಳಲಿಲ್ಲ. ಎದ್ದು ನಿಂತಾಗ ಮಂಡಿ ಮಾತ್ರ ಲಟಕ್ಕೆಂದಿತು.

ನಾನು ಅಳತೆಗಳನ್ನು ಡಿಗ್ರಿಯಲ್ಲಿ, ಅಂಗುಲದ ಸಾವಿರದ ಭಾಗದಲ್ಲಿ ಹೇಳುತ್ತಿದ್ದೆ. ಆತನ ಅಳತೆಯೆಲ್ಲ ರಾಗಿಯಲ್ಲಿ. "ಕಿಡಿ ಒಂದು ರಾಗಿ ಕಾಳು ಮುಂದಕ್ಕೆ ಬರ್ಬೇಕು" ಅನ್ನುತ್ತಿದ್ದ. ಬಸ್ಸು ಏರು ಹತ್ತುವಾಗ ಫುಟ್‌ಬೋರ್ಡಿನ ಮೇಲೆ ನಿಂತು ಬಾನೆಟ್ಟಿನ ಕಡೆ ಕಿವಿ ಕೊಟ್ಟು ಕೇಳುತ್ತಿದ್ದ. ಇದ್ದಕ್ಕಿದ್ದಂತೆ ಕೈ ಎತ್ತಿ ನಿಲ್ಲಿಸಿ, ಇಳಿದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅದನ್ನು ಕಣ್ಣಿಗೆ ಕಾಣದಷ್ಟು ತಿರುಗಿಸಿ ಮತ್ತೆ ಬಿಗಿ ಮಾಡುತ್ತಿದ್ದ. ಆಮೇಲೆ ಬಸ್ಸು ಆ ಏರನ್ನು ಹಾಡಿಕೊಂಡು ಹತ್ತುತ್ತಿತ್ತು. ನಾನು ಮನೆಗೆ ಬಂದು ಒಂದು ರಾಗಿ ಕಾಳನ್ನು ನನ್ನ ಅಳತೆಯ ಪಟ್ಟಿಯ ಮೇಲಿಟ್ಟು ನೋಡಿದ್ದೇನೆ. ನೋಡಿ ಏನು ತಿಳಿಯಿತೆಂದು ಕೇಳಬೇಡಿ.

ಇಂಜಿನ್ ಬಿಚ್ಚದವರೂ ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸರದಿ, ಅದರಲ್ಲಿ ಸುತ್ತಿಗೊಂದರಂತೆ ಎರಡು ಸಲ ಅದು ಮೇಲಕ್ಕೆ ಬರುತ್ತದೆ: ಒಂದು ಸಲ ಒಳಗಿನ ಗಾಳಿಯನ್ನು ಅದುಮುತ್ತಾ, ಇನ್ನೊಂದು ಸಲ ಸುಟ್ಟ ಹೊಗೆಯನ್ನು ಹೊರಗೆ ತಳ್ಳುತ್ತಾ. ಪ್ಲಗ್ಗಿನ ಕಿಡಿ ಹಾರಬೇಕಾದದ್ದು ಅದುಮುವಾಗ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಪಿಸ್ಟನ್ ಎರಡು ಸಲವೂ ಅದೇ ತುದಿಗೆ ಬಂದಿರುತ್ತದೆ. ಯಾವುದು ಯಾವುದೆಂದು ಹೇಳಿ ಕಿಡಿಯನ್ನು ಸರಿಯಾದ ಹೊತ್ತಿಗೆ ಕೂರಿಸುವುದಕ್ಕೆ ಟೈಮಿಂಗ್ ಇಡುವುದು ಅನ್ನುತ್ತಾರೆ. ಮೇಸ್ತ್ರಿ ಅದನ್ನು ಹೆಬ್ಬೆಟ್ಟಿನಿಂದ ಮಾಡುತ್ತಿದ್ದ. ಒಂದನೆಯ ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಬಲಗೈ ಹೆಬ್ಬೆಟ್ಟು ಒತ್ತಿ, ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಲು ಹೇಳುತ್ತಿದ್ದ. ಗಾಳಿ ಅದುಮಿದಾಗ ಹೆಬ್ಬೆಟ್ಟನ್ನು ಅದು ನೂಕುತ್ತದೆ. ನೂಕು ಮುಗಿಯುವ ಹೊತ್ತಿಗೆ "ಉಂಡು!" ಅನ್ನುತ್ತಿದ್ದ, ನಿಲ್ಲು ಅಂತ. ಎಲೆಯಡಿಕೆ ಸಂಚಿಯಿಂದ ಬೆರಳ ತುದಿಗೆ ಸುಣ್ಣ ತೆಗೆದು ಇಂಜಿನ್ನಿನ ಮುಂದೆ ಅದರ ಜೊತೆಗೇ ತಿರುಗುವ ಪುಲ್ಲಿಯ ಮೇಲೊಂದು, ಅದರೆದುರು ಇಂಜಿನ್ನಿನ ಮೈಮೇಲೊಂದು ಗೆರೆ ಎಳೆಯುತ್ತಿದ್ದ. ಬೆರಳಿಗೆ ಉಳಿದ ಸುಣ್ಣವನ್ನು ವೀಳ್ಯದೆಲೆಗೆ ಸವರಿ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದ. ಹೆಬ್ಬೆಟ್ಟು ಇಡುವುದು ಎಲ್ಲ ಕೆಲಸಗಾರರೂ ಮಾಡುವುದೇ. ಆದರೆ ನಾವೆಲ್ಲ ಆಮೇಲೆ ಎರಡು ಮೂರು ಸಲ ತಿದ್ದುತ್ತಿದ್ದೆವು. ಏರಿನಲ್ಲಿ ಆ ಒಂದು ರಾಗಿ ಕಾಳು ಬಿಟ್ಟರೆ ಆತ ತಿದ್ದಿದ್ದನ್ನು ನಾನು ಕಂಡಿರಲಿಲ್ಲ.

ಯುದ್ಧ ಬಂತು. ಪೆಟ್ರೋಲು ಚೀಟಿಯ ಮೇಲೆ ಅಳೆದು ಕೊಡುವಂತಾಯಿತು. ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಡಬ್ಬಿ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸತೊಡಗಿದೆವು. ಬಿಡಿಭಾಗಗಳು ಬರುವುದು ನಿಂತೇಹೋಯಿತು. ಆ ಹೊತ್ತಿಗೆ ಸರಿಯಾಗಿ ಶ್ರೀನಿವಾಸಪುರದ ಬಸ್ಸು ನೀರು ಕುಡಿಯಲು ಶುರು ಮಾಡಿತು. ಇಂಜಿನ್ನಿನ ತಲೆಗೂ ಮೈಗೂ ನಡುವೆ ಒಂದು ತೆಳ್ಳನೆಯ ಹಾಳೆ ಇರುತ್ತದೆ, ಹೆಡ್ ಗ್ಯಾಸ್ಕೆಟ್ ಅಂತ. ಅದು ಸುಟ್ಟು ತೂತಾಗಿ ನೀರು ಸಿಲಿಂಡರಿಗೆ ಇಳಿಯುತ್ತಿತ್ತು. ಬೆಂಗಳೂರಿಗೆ ಹೋಗಿ ಅಂಗಡಿ ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದವನು ನಾನು. ಬಂದು ನೋಡಿದರೆ ಇಂಜಿನ್ ಪೂರ್ತಿ ಬಿಚ್ಚಿಹಾಕಿ ಆತ ಸಾಹುಕಾರರ ಮನೆಯ ಬಚ್ಚಲಲ್ಲಿ ನಿಂತಿದ್ದಾನೆ.

ಆ ಬಚ್ಚಲಲ್ಲಿ ತಳ ತೂತಾದ ಒಂದು ಹಳೆಯ ತಾಮ್ರದ ಹಂಡೆ ಇತ್ತು. ಸಾಹುಕಾರರ ಮನೆಯವರು, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದವರು, ಅದನ್ನು ಕೊಡಲು ಹಿಂದೆ ಮುಂದೆ ನೋಡಿದರು.

"ನಮ್ಮ ತವರುಮನೆಯವರು ಮದುವೇಲಿ ಕೊಟ್ಟಿದ್ದು ಕಣಪ್ಪಾ ಅದು."

"ಇನ್ಮೇಲೆ ಅದು ದಿನಾ ಶ್ರೀನಿವಾಸಪುರಕ್ಕೋಗಿ ಬತ್ತದೆ ಅಮ್ಮಾವ್ರೇ. ಬಚ್ಚಲಲ್ಲಿದ್ರೆ ಏನ್ ನೋಡ್ತಿತ್ತು?"

ಅಮ್ಮಾವ್ರು ನಕ್ಕು ಹಂಡೆ ಕೊಟ್ಟುಬಿಟ್ಟರು. ನನಗೆ ಅವರು ಅಷ್ಟು ವರ್ಷದಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ನಗುತ್ತಾ ಕೊಟ್ಟಿರಲಿಲ್ಲ.

ಹಂಡೆಯ ಹೊಟ್ಟೆಯನ್ನು ಕೊಯ್ದು, ಬಡಿದು ಚಪ್ಪಟೆ ಮಾಡಿ, ಹಳೆಯ ಗ್ಯಾಸ್ಕೆಟ್ಟನ್ನು ಮೇಲಿಟ್ಟು ಗೀಚಿ, ಉಳಿಯಿಂದ ಕತ್ತರಿಸಿದ. ಆಮೇಲೆ ಅದನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿನ ತೊಟ್ಟಿಗೆ ಅದ್ದಲು ಹೋದ. ನಾನು ಎಲ್ಲರಿಗೂ ಕೇಳುವಂತೆ ಕೂಗಿದೆ. "ಏನು ಮಾಡ್ತಿದ್ದೀರಿ ಮೇಸ್ತ್ರಿ? ಕಾಯಿಸಿ ನೀರಿಗೆ ಹಾಕಿದ್ರೆ ಲೋಹ ಗಡುಸಾಗುತ್ತೆ. ಪುಸ್ತಕದಲ್ಲಿದೆ. ಬಿಗಿ ಮಾಡಿದ ತಕ್ಷಣ ಸೀಳಿಹೋಗುತ್ತೆ." ಡ್ರೈವರುಗಳು ಸುತ್ತ ಬಂದು ನಿಂತರು. ಆತ ಚುಂಯ್ ಎಂದು ಅದ್ದಿಯೇಬಿಟ್ಟ. ಕತ್ತರಿಸಿ ಉಳಿದಿದ್ದ ಒಂದು ಚೂರನ್ನೂ ಹಾಗೆಯೇ ಕಾಯಿಸಿ, ಅದ್ದಿ, ನನ್ನ ಕೈಗಿಟ್ಟ.

"ಮಡಿಸಿ ನೋಡಿ ಸಾಮಿ."

ವೀಳ್ಯದೆಲೆಯ ಹಾಗೆ ಮಡಿಸಿಕೊಂಡಿತು.

"ಕಬ್ಬಿಣದ ಬುದ್ಧಿ ಬೇರೆ ಸಾಮಿ, ತಾಮ್ರದ ಬುದ್ಧಿ ಬೇರೆ. ನಿಮ್ಮ ಪುಸ್ತಕದಾಗೆ ಕಬ್ಬಿಣದ್ದು ಬರ್ದವ್ರೆ, ಅಷ್ಟೇಯ" ಅಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ನಾನು ಜಗಳ ಆಡಬಹುದಿತ್ತು. ನನ್ನ ಪುಸ್ತಕದ ಮರ್ಯಾದೆಯನ್ನೂ ಆತನೇ ಉಳಿಸಿಕೊಟ್ಟ ಹಾಗಾಯಿತು. ಆ ಚೂರು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಎಸೆಯಬೇಕೆಂದು ಎಷ್ಟು ಸಲ ತೆಗೆದಿದ್ದೇನೋ.

ಈಗ ಆ ನವರಾತ್ರಿಯ ಮಾತಿಗೆ ಬರುತ್ತೇನೆ. ನಮ್ಮ ಹಳೆಯ ಹೆಡ್ ಮೇಸ್ತ್ರಿ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದರು. ಸಾಮಾನಿನ ಬೀರುವಿನ ಬೀಗದ ಕೈ ಗೊಂಚಲು ಸಾಹುಕಾರರ ಬಳಿಯೇ ಇತ್ತು. ಅದು ಯಾರ ಸೊಂಟಕ್ಕೆ ಬರುತ್ತದೋ ಅವನೇ ಮುಂದಿನ ಹೆಡ್ ಮೇಸ್ತ್ರಿ. "ವಿಜಯದಶಮಿ ದಿನ ಶ್ರೀನಿವಾಸಪುರದ ಬಸ್ಸು ಹೊರಡಲಿ, ಆವತ್ತೇ ಕೊಡ್ತೀನಿ" ಎಂದು ಸಾಹುಕಾರರು ಹೇಳಿದ್ದರು. ಯಾರಿಗೆ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾನು ಮನೆಯಲ್ಲಿ ಹೆಂಡತಿಗೆ, ಸಿಕ್ಕರೆ ನನಗೇ ಸಿಗಬೇಕು, ಸರ್ಟಿಫಿಕೇಟು ಇರುವವನು ನಾನೊಬ್ಬನೇ ಎಂದು ಹೇಳಿಟ್ಟಿದ್ದೆ. ಆಕೆ ನಂಬಿ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದಳು.

ಆಯುಧಪೂಜೆಯ ಹಿಂದಿನ ಸಂಜೆ ಹೊತ್ತಿಗೆ ಇಂಜಿನ್ ಮತ್ತೆ ಕೂಡಿಕೊಂಡಿತ್ತು. ಹಂಡೆಯ ಗ್ಯಾಸ್ಕೆಟ್ ಮೇಲೆ ಹೆಡ್ ಕೂತು ಬಿಗಿಯಾಗಿತ್ತು. ಡಿಸ್ಟ್ರಿಬ್ಯೂಟರ್ ಮಾತ್ರ ಬಾಕಿ. ಅದರೊಳಗಿನ ಸವೆದ ಬಳೆಯನ್ನು, ಬುಷ್ ಅನ್ನುತ್ತಾರೆ, ಲೇತಿನಲ್ಲಿ ಕಡೆಸಲು ಹೊರಗೆ ಕೊಟ್ಟಿದ್ದೆವು. ಮೇಸ್ತ್ರಿ ಹೆಬ್ಬೆಟ್ಟಿಟ್ಟು, "ಉಂಡು!" ಎಂದು, ಸುಣ್ಣದ ಎರಡು ಗೆರೆಗಳನ್ನು ಎದುರುಬದುರು ಎಳೆದ. "ನಾಳಿದ್ದು ಬಂದು ಡಿಸ್ಟ್ರಿಬ್ಯೂಟರ್ ಕೂರಿಸೋದೊಂದೇ" ಎಂದು ಹೇಳಿ ಹಬ್ಬಕ್ಕೆ ಊರಿಗೆ ಹೋದ.

ಆಯುಧಪೂಜೆ ಮಾಡುವ ಕೆಲಸ ಷೆಡ್ಡಿನಲ್ಲಿ ನನ್ನದು. ಸ್ಪ್ಯಾನರುಗಳನ್ನು, ಸುತ್ತಿಗೆಗಳನ್ನು, ಸ್ಟಾರ್ಟ್ ಮಾಡುವ ಉದ್ದನೆಯ ಹ್ಯಾಂಡಲನ್ನು ತೊಳೆದು ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದೆ. ಬೂದುಗುಂಬಳ ಒಡೆದೆವು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದು. ಮಧ್ಯಾಹ್ನ ಎಲ್ಲರೂ ಸಾಹುಕಾರರ ಮನೆಗೆ ಒಬ್ಬಟ್ಟಿನ ಊಟಕ್ಕೆ ಹೊರಟರು. ನಾನು ದೀಪಕ್ಕೆ ಎಣ್ಣೆ ಹಾಕಿ ಬರುತ್ತೇನೆಂದು ಹಿಂದೆ ಉಳಿದೆ.

ದೀಪದಲ್ಲಿ ಎಣ್ಣೆ ಇತ್ತು. ಬಸ್ಸಿನ ಮುಂದೆ ಹೋಗಿ ನಿಂತೆ. ಸುಣ್ಣದ ಎರಡು ಗೆರೆಗಳು ಒಂದಕ್ಕೊಂದು ನೆಟ್ಟಗೆ ನಿಂತಿದ್ದವು. ಗೆರೆಯನ್ನು ಅಳಿಸಿದರೆ ಆತ ಮತ್ತೆ ಹೆಬ್ಬೆಟ್ಟಿಡುತ್ತಾನೆ. ಪಕ್ಕಕ್ಕೆ ಎಳೆದರೆ ಗುರುತು ಹಿಡಿಯುತ್ತಾನೆ. ಇದನ್ನೆಲ್ಲ ನಾನು ಆ ಕ್ಷಣಕ್ಕೆ ಯೋಚಿಸಿದ್ದಲ್ಲ, ಮೂರು ದಿನದಿಂದ ಒಳಗೊಳಗೇ ಯೋಚಿಸಿಟ್ಟುಕೊಂಡಿದ್ದೆ. ಮಣೆಯ ಮೇಲಿದ್ದ ಹ್ಯಾಂಡಲನ್ನು, ಹೂವು ಕುಂಕುಮದ ಸಮೇತ, ಎತ್ತಿಕೊಂಡೆ. ಬಸ್ಸಿನ ಮೂತಿಗೆ ಹಾಕಿ ಸರಿಯಾಗಿ ಒಂದು ಸುತ್ತು ತಿರುಗಿಸಿದೆ. ಪುಲ್ಲಿ ಪೂರ್ತಿ ಸುತ್ತಿ ಬಂದು ಸುಣ್ಣದ ಗೆರೆ ಸುಣ್ಣದ ಗೆರೆಯ ಎದುರಿಗೇ ನಿಂತಿತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಆದರೆ ಪಿಸ್ಟನ್ ಈಗ ಮೇಲೆ ಬಂದು ನಿಂತಿದ್ದದ್ದು ಗಾಳಿ ಅದುಮಲಿಕ್ಕಲ್ಲ, ಹೊಗೆ ತಳ್ಳಲಿಕ್ಕೆ. ಹ್ಯಾಂಡಲನ್ನು ಮತ್ತೆ ಮಣೆಯ ಮೇಲಿಟ್ಟು, ಜಾರಿದ ಹೂವನ್ನು ಸರಿ ಮಾಡಿ, ಕೈ ತೊಳೆದುಕೊಂಡು ಊಟಕ್ಕೆ ಹೋದೆ. ಮೂರು ಒಬ್ಬಟ್ಟು ತಿಂದೆ.

ವಿಜಯದಶಮಿಯ ಬೆಳಿಗ್ಗೆ ಮೇಸ್ತ್ರಿ ಬಂದ. ಮಣೆಗೆ ಕೈಮುಗಿದು ಹ್ಯಾಂಡಲ್ ಎತ್ತಿಕೊಂಡವನು ಅದನ್ನೇ ಒಂದು ಗಳಿಗೆ ನೋಡಿದ. ಹಿಡಿಯ ಮೇಲಿನ ಕುಂಕುಮ ಮೆತ್ತಿಕೊಂಡು ಕದಡಿಹೋಗಿತ್ತು. "ಕುಂಕುಮ ಕದಡೈತೆ" ಅಂದ, ಮತ್ತೆ ನನ್ನ ಮುಖ ನೋಡಿದ. ನಾನು ಬಗ್ಗಿ ಮಣೆಯ ಮೇಲಿನ ಹೂವು ತೆಗೆಯತೊಡಗಿದೆ. ಆತ ಹ್ಯಾಂಡಲ್ ಹಿಡಿದು ಬಸ್ಸಿನ ಕಡೆ ಹೋದ. ಗೆರೆಗಳು ಎದುರುಬದುರು ಇರುವುದನ್ನು ನೋಡಿ ಡಿಸ್ಟ್ರಿಬ್ಯೂಟರನ್ನು ಕೂರಿಸಿದ. ತಾನೇ ಇಟ್ಟ ಗುರುತು, ಮತ್ತೆ ಹೆಬ್ಬೆಟ್ಟಿಡಲಿಲ್ಲ.

ಸಾಹುಕಾರರು ಜರತಾರಿ ಪಂಚೆ ಉಟ್ಟು, ಬೀಗದ ಕೈ ಗೊಂಚಲನ್ನು ತಟ್ಟೆಯಲ್ಲಿ ತಾಂಬೂಲದ ಜೊತೆ ಇಟ್ಟುಕೊಂಡು, ಬಸ್ಸಿನ ಹಿಂದೆ ಗ್ಯಾಸ್ ಡಬ್ಬಿಯ ಪಕ್ಕದಲ್ಲೇ ನಿಂತಿದ್ದರು. ಇದ್ದಿಲು ಕೆಂಪಾಗಿ ಗ್ಯಾಸ್ ಬಂದಿತ್ತು. ಡ್ರೈವರು ಹ್ಯಾಂಡಲ್ ತಿರುಗಿಸಿದ. ಇಂಜಿನ್ ಹೊತ್ತಿಕೊಳ್ಳುವ ಬದಲು ಹಿಮ್ಮುಖವಾಗಿ ಢಮಾರ್ ಎಂದು ಸೀನಿತು. ಡಬ್ಬಿಯ ಮುಚ್ಚಳ ಹಾರಿ ಮಸಿಯೆಲ್ಲ ಸಾಹುಕಾರರ ಮೇಲೆ ಸುರಿಯಿತು. ಜರತಾರಿ ಪಂಚೆ, ತಾಂಬೂಲದ ತಟ್ಟೆ, ಮೀಸೆ, ಎಲ್ಲ ಕಪ್ಪು. ಡ್ರೈವರು ಇನ್ನೊಂದು ಸಲ ತಿರುಗಿಸಿದ. ಮತ್ತೆ ಢಮಾರ್.

ಮೇಸ್ತ್ರಿ ಇಂಜಿನ್ನಿನ ಮುಂದೆ ನಿಂತುಕೊಂಡಿದ್ದ. ತೆಲುಗಿನಲ್ಲಿ ಏನೂ ಕೇಳಲಿಲ್ಲ. ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ಹೆಬ್ಬೆಟ್ಟನ್ನು ನೋಡಿಕೊಳ್ಳುತ್ತಿದ್ದ.

"ನಾನೊಂದು ಸಲ ನೋಡಲಾ?" ಎಂದು ಮುಂದೆ ಹೋದೆ. ತೋರಿಕೆಗೆ ಪುಸ್ತಕ ತೆರೆದೆ, ಪ್ಲಗ್ ಬಿಚ್ಚಿದೆ, ಹೆಬ್ಬೆಟ್ಟಿಟ್ಟೆ, ಹುಬ್ಬು ಗಂಟಿಕ್ಕಿದೆ. ಆಮೇಲೆ ಡಿಸ್ಟ್ರಿಬ್ಯೂಟರನ್ನು ಮೇಲೆತ್ತಿ ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಇಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು. ಹಂಡೆಯ ಗ್ಯಾಸ್ಕೆಟ್ಟಿನಿಂದ ಒಂದು ತೊಟ್ಟು ನೀರೂ ಸೋರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ನಾನು ಗಮನಿಸಿದೆ.

"ತಪ್ಪು ನಂದೇ ಸಾವ್ಕಾರ್ರೇ" ಎಂದು ಮೇಸ್ತ್ರಿ ಮಸಿ ಮೆತ್ತಿದ ಸಾಹುಕಾರರಿಗೆ ಕೈಮುಗಿದ. "ಎರಡನೇ ಸಲ ಮೇಲಕ್ಕೆ ಬಂದಾಗ ಗುರ್ತು ಹಾಕ್ಬಿಟ್ಟಿವ್ನಿ. ಇವ್ರು ಹಿಡುದ್ರು. ಬೀಗದ ಕೈ ಇವ್ರಿಗೇ ಕೊಡಿ."

ಕಪ್ಪಾದ ಗೊಂಚಲು ನನ್ನ ಸೊಂಟಕ್ಕೆ ಬಂತು. ಆ ಸಂಜೆ ಹೆಂಡತಿ ನನಗೆ ದೃಷ್ಟಿ ತೆಗೆದಳು.

ಸಂತೋಷ ಎರಡು ದಿನ ಇತ್ತು. ಮೂರನೆಯ ದಿನ ಒಂದು ಯೋಚನೆ ಹತ್ತಿಕೊಂಡಿತು: ಮೇಸ್ತ್ರಿಗೆ ಗೊತ್ತಿದೆ. ಕದಡಿದ ಕುಂಕುಮ ನೋಡಿದ್ದಾನೆ, ನನ್ನ ಮುಖ ನೋಡಿದ್ದಾನೆ. ಎಲ್ಲ ತಿಳಿದೂ ತಪ್ಪನ್ನು ಮೈಮೇಲೆ ಹಾಕಿಕೊಂಡು ಆ ಕೆಲಸವನ್ನು ನನಗೆ ಬಿಟ್ಟುಕೊಟ್ಟಿದ್ದಾನೆ. ಅಂದರೆ ಈ ಗೊಂಚಲೂ ಆತನೇ ಕೊಟ್ಟ ಭಿಕ್ಷೆ! ಕದ್ದುಕೊಂಡೆ ಅಂದುಕೊಂಡದ್ದನ್ನು ದಾನ ಮಾಡಿಬಿಟ್ಟರೆ ಕದ್ದವನಿಗೆ ಏನು ಉಳಿಯಿತು? ಆತನ ಕೈಚಳಕದ ಮೇಲೆ ಇದ್ದ ಹೊಟ್ಟೆಕಿಚ್ಚು ಈಗ ಆತನ ದೊಡ್ಡ ಮನಸ್ಸಿನ ಮೇಲೂ ಹುಟ್ಟಿತು. ಇದು ಮೊದಲಿನದಕ್ಕಿಂತ ಹೆಚ್ಚು ಸುಟ್ಟಿತು, ಏಕೆಂದರೆ ಕೈಚಳಕವನ್ನಾದರೆ ಕಲಿಯಲು ಪ್ರಯತ್ನ ಪಡಬಹುದು.

ಆಮೇಲಿನ ಮೂರು ವರ್ಷ ಆತ ಪ್ರತಿಯೊಂದು ಟೈಮಿಂಗನ್ನೂ ಇಟ್ಟು ನನ್ನನ್ನು ಕರೆಯುತ್ತಿದ್ದ. "ನೀವೊಂದ್ಸಲ ನೋಡ್ಬಿಡಿ ಸಾಮಿ." ಹೋಗಿ ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು. ಮತ್ತೆ ಮುಂದಿನ ಬಸ್ಸಿಗೂ, "ನೀವೊಂದ್ಸಲ ನೋಡ್ಬಿಡಿ." ಇದು ಅಣಕವಲ್ಲದೆ ಇನ್ನೇನು ಎಂದು ಹಲ್ಲು ಕಚ್ಚುತ್ತಿದ್ದೆ. ಫುಟ್‌ಬೋರ್ಡಿನ ಮೇಲೆ ನಿಲ್ಲುವುದನ್ನು ಬಿಟ್ಟ. ಇಂಜಿನ್ನಿನ ಜೊತೆ ಮಾತಾಡುವುದನ್ನೂ ಬಿಟ್ಟ. ನನ್ನ ಅಳತೆಯ ಪಟ್ಟಿಯನ್ನು ಕೇಳಿ ಪಡೆದು, ಅಂಕಿ ಓದಲು ಬಾರದಿದ್ದರೂ ಅದನ್ನು ಇಂಜಿನ್ನಿಗೆ ಹಿಡಿದು ಹಿಡಿದು ನೋಡುತ್ತಿದ್ದ. ಅದೂ ನನ್ನನ್ನು ಚುಚ್ಚಲಿಕ್ಕೇ ಅಂದುಕೊಂಡೆ. ಯುದ್ಧ ಮುಗಿದ ಮಾರನೆಯ ವರ್ಷ ಕೆಲಸ ಬಿಟ್ಟು ಊರಿಗೆ ಹೋಗಿ ಹಳೆಯ ಕಸುಬು ಹಿಡಿದ. ಬೀಳ್ಕೊಡುವಾಗ ನಾಲ್ಕೂ ಬಸ್ಸಿನ ಡ್ರೈವರುಗಳು ಒಟ್ಟಿಗೆ ಹಾರ್ನ್ ಹೊಡೆದರು. ನಾನು ಬೀರುವಿನಲ್ಲಿ ಏನನ್ನೋ ಹುಡುಕುತ್ತಾ ಬೆನ್ನು ಮಾಡಿ ನಿಂತಿದ್ದೆ.

ಹೋದ ವರ್ಷ ಆತನಿಗೆ ಹುಷಾರಿಲ್ಲವೆಂದು ತಿಳಿಯಿತು. "ನಿಮ್ಮನ್ನ ಒಂದ್ಸಲ ನೋಡ್ಬೇಕಂತೆ, ಏನೋ ಕೇಳೋದೈತಂತೆ" ಎಂದು ಡ್ರೈವರೊಬ್ಬ ಹೇಳಿದ. ನಾನು ಮಮತೆಯಿಂದ ಹೋಗಲಿಲ್ಲ, ಭಯದಿಂದ ಹೋದೆ. ಸಾಯುವ ಮೊದಲು ಯಾರ ಮುಂದಾದರೂ ಬಾಯಿ ಬಿಟ್ಟರೆ ಎಂಬ ಭಯ.

ಮುಳಬಾಗಿಲು ಬಸ್ಸಿನಿಂದ ಇಳಿದು ಎರಡು ಮೈಲಿ ನಡೆದೆ. ಆತ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಆತನ ಹೆಂಡತಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟು ಹೊಸಿಲ ಬಳಿ ಕೂತರು. ಬಸ್ಸುಗಳ ಕ್ಷೇಮವನ್ನು ಒಂದೊಂದಾಗಿ ವಿಚಾರಿಸಿದ ಮೇಲೆ ಮೇಸ್ತ್ರಿ ತನ್ನ ಬಲಗೈ ಹೆಬ್ಬೆಟ್ಟನ್ನು ನನ್ನ ಮುಂದೆ ಹಿಡಿದ.

"ನೀವು ಓದ್ದೋರು ಸಾಮಿ, ನೀವೇ ಹೇಳ್ಬೇಕು. ಆವತ್ತು ಇದು ನಂಗ್ಯಾಕೆ ಸುಳ್ಳು ಹೇಳ್ತು?"

"ಯಾವತ್ತು?"

"ಅದೇ, ಹಂಡೆ ಗ್ಯಾಸ್ಕೆಟ್ ಹಾಕಿದ ಹಬ್ಬದಾಗೆ. ಗಾಳಿ ನೂಕಿದ್ದು ಇವತ್ತಿಗೂ ಈ ಬೆರಳಿಗೆ ಜ್ಞಾಪ್ಕ ಐತೆ. ನೂಕಿತ್ತು ಸಾಮಿ. ನೂಕಿದ್ಮೇಲೇ ಗುರ್ತು ಹಾಕ್ದೆ. ಆದ್ರೂ ತಪ್ಪಾಯ್ತು. ಆವತ್ತಿಂದ ಇದನ್ನ ನಂಬಕ್ಕಾಗ್ಲಿಲ್ಲ. ನಂಬ್ದೇ ಇರೋ ಬೆರಳಿಟ್ಕೊಂಡು ಹೆಂಗೆ ಕೆಲ್ಸ ಮಾಡೋದು? ಅದಕ್ಕೇ ಬಿಟ್ಬಂದೆ."

ನನ್ನ ಕೈಯಲ್ಲಿ ಲೋಟ ಹಾಗೆಯೇ ಇತ್ತು. ಆತನಿಗೆ ಗೊತ್ತಿರಲಿಲ್ಲ! ಏನೂ ಗೊತ್ತಿರಲಿಲ್ಲ. ನೋಡ್ಬಿಡಿ ಸಾಮಿ ಎಂದದ್ದು ಅಣಕವಲ್ಲ, ನಿಜವಾಗಿ ಭಯಪಟ್ಟು ಕರೆದದ್ದು. ಯಾವ ದೊಡ್ಡ ಮನಸ್ಸಿನ ಮೇಲೆ ನಾನು ಇಷ್ಟು ವರ್ಷ ಉರಿದಿದ್ದೆನೋ ಅದು ಅಲ್ಲಿ ಇರಲೇ ಇಲ್ಲ. ಅಲ್ಲಿ ಇದ್ದದ್ದು ತನ್ನ ಬೆರಳನ್ನು ತಾನೇ ಅನುಮಾನಿಸಿ ಕರಗಿಹೋದ ಒಬ್ಬ ಕೆಲಸಗಾರ.

"ಕುಂಕುಮ ಕದಡಿದ್ದು ನೋಡಿದಿರಲ್ಲ ಮೇಸ್ತ್ರಿ" ಅಂದೆ.

"ಹೌದು, ಹೆಗ್ಗಣ ಓಡಾಡೈತೆ ಅಂದ್ಕೊಂಡೆ. ಪೂಜೆ ಮಾಡ್ದೋರು ನೀವು, ಬೇಜಾರು ಮಾಡ್ಕೊಂತೀರೇನೋ ಅಂತ ನಿಮ್ಮ ಮುಖ ನೋಡ್ದೆ."

"ಹೆಗ್ಗಣ ಅಲ್ಲ, ನಾನು. ಊಟಕ್ಕೆ ಹೋಗೋ ಮುಂಚೆ ನಾನು ಹ್ಯಾಂಡಲ್ ತಿರುಗಿಸಿದೆ."

ಹೊಡೆಯುತ್ತಾನೆ ಅಂದುಕೊಂಡೆ. ಎದ್ದು ಹೊಡೆಯುವ ಶಕ್ತಿ ಇಲ್ಲದಿದ್ದರೆ ಬೈಯುತ್ತಾನೆ, ಇಲ್ಲವೇ ಕ್ಷಮಿಸುತ್ತಾನೆ ಅಂದುಕೊಂಡೆ. ಮೂರಕ್ಕೂ ತಯಾರಾಗಿ ಕೂತಿದ್ದೆ. ಆತ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ. ಕಣ್ಣು ಹೊಳೆಯುತ್ತಿತ್ತು.

"ಎಷ್ಟು ಸುತ್ತು?"

"ಒಂದು."

"ಪೂರ್ತಿ ಒಂದಾ?"

"ಪೂರ್ತಿ ಒಂದು."

"ಅದಕ್ಕೇಯಾ! ಅದಕ್ಕೇ ಗುರ್ತಿಗೆ ಗುರ್ತು ಕೂತಿತ್ತು!" ಎಂದು ತೊಡೆ ತಟ್ಟಿಕೊಂಡು ನಕ್ಕ. ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕ. "ಲೇ, ಕೇಳಿದೇನೇ? ನಂದು ತಪ್ಪಿರ್ಲಿಲ್ವಂತೆ ಕಣೇ! ನೂಕಿತ್ತು ಅಂತ ನಾನು ಬಡ್ಕೊಳ್ತಿರ್ಲಿಲ್ವಾ? ನೂಕೇ ನೂಕಿತ್ತು!" ಹೆಬ್ಬೆಟ್ಟನ್ನು ಕಣ್ಣಿಗೊತ್ತಿಕೊಂಡ. "ಇನ್ನೊಂದ್ಸಲ ಹೇಳಿ ಸಾಮಿ, ಮೊದ್ಲಿಂದ ಹೇಳಿ. ಹ್ಯಾಂಡಲ್ ಎತ್ಕೊಂಡ್ರಿ, ಆಮೇಲೆ?"

ನಾನು ಮೊದಲಿನಿಂದ ಹೇಳಿದೆ. ಆತನ ಹೆಂಡತಿಗೆ ಎಲ್ಲ ಅರ್ಥವಾಯಿತು. ಅವರು ಎದ್ದು ಬಂದು ನನ್ನ ಕೈಯಿಂದ ಲೋಟವನ್ನು, ಅದರಲ್ಲಿ ಇನ್ನೂ ಅರ್ಧ ಮಜ್ಜಿಗೆ ಇದ್ದಂತೆಯೇ, ತೆಗೆದುಕೊಂಡು ಒಳಗೆ ಹೋದರು. ಆತನಿಗೆ ಅದು ಕಾಣಲೇ ಇಲ್ಲ. ನನ್ನ ಅಪರಾಧವೂ ಆತನಿಗೆ ಕಾಣಲಿಲ್ಲ. ಕಾಣಿಸಿದ್ದು ಒಂದೇ, ಬೆರಳು ಸುಳ್ಳು ಹೇಳಿರಲಿಲ್ಲ ಎಂಬುದು. ಅಷ್ಟು ಖುಷಿಯಾದ ಮನುಷ್ಯನನ್ನು ನಾನು ನೋಡಿಲ್ಲ. ಎರಡು ಮೈಲಿ ವಾಪಸು ನಡೆಯುವಾಗ ಆ ಖುಷಿಯ ಮೇಲೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಬರೆಯಲಿ. ನನ್ನ ಯಾವ ಬೆರಳನ್ನು ಯಾರು ವಾಪಸು ಕೊಟ್ಟರೂ ನನಗೆ ಹಾಗೆ ನಗಲು ಬರುವುದಿಲ್ಲ.

ಅದಾದ ಮೇಲೆ ಆತ ಏಳೆಂಟು ತಿಂಗಳು ಬದುಕಿದ್ದ. ಸುದ್ದಿ ತಂದ ಕಂಡಕ್ಟರು ಹೇಳಿದ ಇನ್ನೊಂದು ಮಾತು ಇದು. ಆ ಏಳೆಂಟು ತಿಂಗಳು ನೋಡಲು ಬಂದ ಪ್ರತಿಯೊಬ್ಬ ಡ್ರೈವರು, ಕ್ಲೀನರು, ಕಂಡಕ್ಟರಿಗೂ ಮೇಸ್ತ್ರಿ ಆ ಹಬ್ಬದ ಕಥೆಯನ್ನು ಹೇಳುತ್ತಿದ್ದನಂತೆ. ಗುರುತು ಸರಿಯಾಗಿಯೇ ಇತ್ತು, ಆಮೇಲೆ ಹ್ಯಾಂಡಲ್ ಒಂದು ಸುತ್ತು ತಿರುಗಿಬಿಟ್ಟಿತ್ತು, ಅದಕ್ಕೇ ಎಡವಟ್ಟಾಯಿತು ಅಂತ.

"ತಿರುಗಿಸಿದ್ದು ಯಾರಂತೆ?" ಎಂದು ಕಂಡಕ್ಟರನ್ನು ಕೇಳಿದೆ. ಬೀಗದ ಕೈ ಗೊಂಚಲನ್ನು ಸೊಂಟದಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಹೆಗ್ಗಣ ಅಂತೆ ಸಾರ್."

ಮಣೆಯ ಮೇಲೆ ಮಲಗಿಸಿದ್ದ ಕಬ್ಬಿಣದ ಹ್ಯಾಂಡಲ್. ಅದನ್ನು ಎತ್ತಿ, ಬಸ್ಸಿನ ಮೂತಿಗೆ ಸಿಕ್ಕಿಸಿ, ಪೂರ್ತಿ ಒಂದು ಸುತ್ತು ತಿರುಗಿಸಿ, ಮತ್ತೆ ತಂದು ಹೂವಿನ ಕೆಳಗೆ ಇಡುವ ಹೆಗ್ಗಣ!

"ಅದನ್ನ ನೀವೆಲ್ಲ ನಂಬಿದ್ರಾ?"

"ಮೇಸ್ತ್ರಿ ಹೇಳಿದ್ಮೇಲೆ ನಂಬ್ದೇ ಇರಕ್ಕಾಗುತ್ತಾ ಸಾರ್?" ಎಂದು ಕಂಡಕ್ಟರು ಇನ್ನೊಮ್ಮೆ ಕಣ್ಣೊರೆಸಿಕೊಂಡು ಸೀಟಿ ಊದಿದ. ಬಸ್ಸು ಹೊರಟಿತು. ಅದರ ಟೈಮಿಂಗ್ ಒಂದು ರಾಗಿ ಕಾಳು ಹಿಂದಿತ್ತು. ನನ್ನ ಕಿವಿಗೂ ಕೇಳಿಸಿತು.